ಬ್ಲಾಡರ್ ಇಲ್ಲದ ಚೆಂಡು

ಚೆಂಡನ್ನು ಒತ್ತಿ ನೋಡಿದ ಡ್ರಿಲ್ ಮಾಸ್ತರು ಶಿವಮಲ್ಲಪ್ಪನವರು ದಾರ ಸಡಿಲಿಸಿ ಒಳಗೆ ಇಣುಕಿದರು. ಗಾಳಿ ತುಂಬುವ ರಬ್ಬರ್ ಬ್ಲಾಡರ್ ಮಾಯ! ಯಾರೋ ಅದನ್ನು ತೆಗೆದು, ಹುಲ್ಲು ತುರುಕಿ, ಮತ್ತೆ ದಾರ ಬಿಗಿದಿದ್ದರು. ಮಧ್ಯಾಹ್ನ ಮೂರಕ್ಕೆ ಯಳಂದೂರಿನವರೊಂದಿಗೆ ಫುಟ್‌ಬಾಲ್ ಪಂದ್ಯ. ಪಂದ್ಯಕ್ಕೆ ಕರೆದವರು ಕೊಳ್ಳೇಗಾಲದ ಇವರೇ, ಚೆಂಡು ಒದಗಿಸಬೇಕಾದವರೂ ಇವರೇ. ಶಾಲೆಗೆ ಇದ್ದುದೇ ಒಂದು ಚೆಂಡು.

ಹೆಡ್‌ಮಾಸ್ತರರಿಗೆ ಕಳ್ಳ ಆಗಲೇ ಸಿಕ್ಕಿದ್ದ.

“ಬೆಟ್ಟದ ಕೇತಯ್ಯ. ನಿನ್ನೆ ಸಂಜೆ ಆಟದ ಕೋಣೆ ಹತ್ತಿರ ನಿಂತಿದ್ದನಂತೆ. ಆಟಕ್ಕೆ ಬರಲ್ಲ ಅಂತಲೂ ಅಂದನಂತೆ. ಹನ್ನೆರಡರೊಳಗೆ ಬೇರೆ ಕಳ್ಳನನ್ನು ತೋರಿಸಿ. ಇಲ್ಲದಿದ್ದರೆ ಶಾಲೆ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕ್ತೀನಿ.”

ಬಿಳಿಗಿರಿರಂಗನ ಬೆಟ್ಟದ ಕಾಡುಜನರ ಹಟ್ಟಿಯಾದ ಪೋಡಿನಿಂದ ಹೈಸ್ಕೂಲಿನವರೆಗೆ ಬಂದ ಹುಡುಗ ಅವನೊಬ್ಬನೇ. ಮಾಸ್ತರರಿಗೆ ರೇಗಿತು. ಏನು ಕಳೆದರೂ ಬೆಟ್ಟದವರತ್ತ ಬೊಟ್ಟು ಮಾಡುವುದು ಎಷ್ಟು ಸಲೀಸು!

* * *

“ನಾ ಮುಟ್ನಿಲ್ಲ ಸಾ,” ಅಂದ ಕೇತಯ್ಯ.

“ಕೋಣೆ ಹತ್ರ ಯಾಕೋ ನಿಂತಿದ್ದೆ?”

“ಆಟದ ಬನೀನು ವಾಪಸ್ ಮಡಗಕ್ಕೆ.”

“ಆಟ ಯಾಕೆ ಬೇಡ?”

ಹುಡುಗ ನೆಲ ನೋಡಿದ. “ಓದ್ಸಲ ಎರಡು ಗೋಲು ನಾನೇ ವೊಡ್ದೆ. ಆಮೇಲೆ ಎಲ್ರೂ ಲೋಟದಲ್ಲಿ ನೀರು ಕುಡುದ್ರು. ನಂಗೆ ಬೊಗಸೆಗೆ ಉಯ್ದ್ರು. ಕ್ಯಾಪ್ಟನ್ನು ನೋಡ್ತಾ ನಿಂತಿದ್ದ ಸಾ.”

ಮಾಸ್ತರರಿಗೆ ನಾಚಿಕೆಯಾಯಿತು. ತಮ್ಮ ಟೀಮಿನ ಸುದ್ದಿ ತಮಗೇ ಗೊತ್ತಿರಲಿಲ್ಲ.

ಚೆಂಡನ್ನು ಮತ್ತೆ ಬೆಳಕಿಗೆ ಹಿಡಿದರು. ದಾರ ಒಂದು ಕಡೆ ತುಂಡಾಗಿತ್ತು. ಅಲ್ಲೊಂದು ಸಾಸಿವೆಯಷ್ಟು ಗಂಟು. ಗಂಟಿನ ತುದಿಗಳನ್ನು ಕೊಯ್ದಿರಲಿಲ್ಲ, ಹಲ್ಲಿನಿಂದ ಕಡಿದಿದ್ದರು. ಕೇತಯ್ಯನ ಸೊಂಟದಲ್ಲಿ ಸದಾ ಸಣ್ಣ ಚೂರಿ ಇರುತ್ತದೆ. ಅವನೇಕೆ ಹಲ್ಲು ಹಾಕಿಯಾನು?

* * *

ಹನ್ನೆರಡಕ್ಕೆ ಇನ್ನು ಕಾಲು ಗಂಟೆ ಇತ್ತು. ಹೆಡ್‌ಮಾಸ್ತರರ ಎದುರು ಟೀಮಿನ ಹನ್ನೊಂದು ಜನ ಹುಡುಗರು ಸಾಲಾಗಿ ನಿಂತರು. ಒಬ್ಬೊಬ್ಬನ ಕೈಗೂ ಎರಡೆರಡು ತುಂಡು ದಾರ.

“ಸೇರಿಸಿ ಗಂಟು ಹಾಕ್ರೋ.”

ಕೇತಯ್ಯನ ಗಂಟು ನೆಲ್ಲಿಕಾಯಿ ಗಾತ್ರ. ಕ್ಯಾಪ್ಟನ್ ಮಾದಣ್ಣ ಮಾತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಹಾಕಿ, ತುದಿ ಕಚ್ಚಿ ಉಗಿದ. ಉಗಿದ ಮೇಲೆ ಅವನ ಮುಖ ಬಿಳಿಚಿತು.

ಮಾಸ್ತರರು ಎರಡೂ ಗಂಟುಗಳನ್ನು ಪಕ್ಕಪಕ್ಕ ಹಿಡಿದರು. “ಬಿಗಿಯುವಾಗ ದಾರ ತುಂಡಾಯ್ತು. ಬೇರೆಯವನಾದರೆ ಹಾಗೇ ಬಿಟ್ಟು ಓಡ್ತಿದ್ದ. ರೇಷ್ಮೆ ಮಗ್ಗದ ಮನೆಯವನ ಕೈ ತುಂಡಾದ ಎಳೆ ಕಂಡರೆ ಸುಮ್ಮನಿರಲ್ಲ. ಟೀಮಿನಲ್ಲಿ ಮಗ್ಗದವನು ನೀನೊಬ್ಬನೇ ಕಣೋ. ಬ್ಲಾಡರ್ ಎಲ್ಲಿ?”

“ನಮ್ಮನೆ ಅಟ್ಟದ ಮೇಲದೆ ಸಾ.” ಮಾದಣ್ಣ ಬಿಕ್ಕಿದ. “ಕೇತ ಬರಲ್ಲ ಅಂದ. ಆಟ ನಡುದ್ರೆ, ಯಾಕೆ ಬರ್ನಿಲ್ಲ ಅಂತ ನೀವು ಕೇಳೇ ಕೇಳ್ತಿದ್ರಿ. ನೀರಿನ ಮಾತು ಹುಡುಗ್ರ ಮುಂದೆ ಎತ್ತಕ್ಕೆ ಧೈರ್ಯ ಬರ್ನಿಲ್ಲ. ಚೆಂಡೇ ಇಲ್ದಿದ್ರೆ ಆಟವೇ ನಿಲ್ತದೆ ಅನ್ಕಂಡೆ.”

“ಕದ್ದದ್ದು ಹಾಗಿರಲಿ. ಕಳ್ಳತನ ಅವನ ತಲೆಗೆ ಬಂದಾಗಲೂ ಸುಮ್ಮನಿದ್ದೆಯಲ್ಲ, ಅದಕ್ಕೇನು ಹೇಳ್ತೀಯೋ?” ಅಂದರು ಡ್ರಿಲ್ ಮಾಸ್ತರು.

ಮಾದಣ್ಣ ಕಣ್ಣೊರೆಸಿಕೊಂಡು ಹುಡುಗರತ್ತ ತಿರುಗಿದ. “ಇವತ್ತಿಂದ ಎಲ್ರಿಗೂ ಒಂದೇ ಲೋಟ ಕಣ್ರೋ. ಒಪ್ಪದವ್ರು ಈಗ್ಲೇ ಓಗಿ.”

ಒಬ್ಬ ಹೋದ. ಉಳಿದವರು ಕದಲಲಿಲ್ಲ.

ಹೆಡ್‌ಮಾಸ್ತರರು ಕೇಳಿದರು. “ಈ ಕಳ್ಳನ ಜಾಗಕ್ಕೆ ಕ್ಯಾಪ್ಟನ್ ಯಾರು?”

ಕೇತಯ್ಯ ಅಂದ:

“ಅವನೇ ಇರ್ಲಿ ಸಾ. ಈಗ ಬಾಯಿ ಬಂದದೆ.”