ಎಡಗೈಯ ಉಗುರು

ವೃತ್ತಾಕಾರವಾಗಿ ಹದಿನಾಲ್ಕು ಕುರ್ಚಿ. ಹದಿಮೂರರ ಮೇಲೆ ಯುಕುಲೆಲೆ ಬಲ್ಲವರು ಕೂತಿದ್ದರು. ಉಳಿದ ಒಂದರ ಮೇಲೆ ನಾನಿದ್ದೆ.

ಗಿಟಾರಿನ ಮರಿಯಂತಿರುವ ಆ ನಾಲ್ಕು ತಂತಿಯ ವಾದ್ಯವನ್ನು ಯಾರದೋ ಮನೆಯ ಕೂಸನ್ನು ಎತ್ತಿಕೊಂಡವಳ ಹಾಗೆ ಹಿಡಿದಿದ್ದೆ. ಅಂಗೈ ಬೆವರುತ್ತಿತ್ತು. ಪಕ್ಕದಲ್ಲಿ ಅಹ್ಸಾನ್ ಆರಾಮಾಗಿ ತಂತಿ ಬಿಗಿ ಮಾಡಿಕೊಳ್ಳುತ್ತಿದ್ದ.

ತಪ್ಪೆಲ್ಲ ನನ್ನ ಬಾಯಿಯದು. ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ನಿಂದ ಆಫೀಸಿಗೆ ಹೋಗುವ ಟ್ರಾಮ್‌ನಲ್ಲಿ ದಿನಾ ಸಿಗುತ್ತಿದ್ದ ಹೊಸಪೇಟೆ ಹುಡುಗ ಇವನು. ಫೋನಿನಲ್ಲಿ ಅಮ್ಮಿಯ ಜೊತೆ ಅರ್ಧ ದಖ್ಖನಿ, ಅರ್ಧ ಕನ್ನಡ ಮಾತಾಡುವುದನ್ನು ಕೇಳಿ, ನಾನು ಚಿತ್ರದುರ್ಗದವಳೆಂದು ನಾನೇ ಮಾತು ತೆಗೆದಿದ್ದೆ. ಎರಡು ವಾರದ ಹಿಂದೆ, ಸೋಮವಾರ, ಅವನ ಹೆಗಲ ಮೇಲೊಂದು ಪುಟ್ಟ ಯುಕುಲೆಲೆ ಚೀಲ ಕಂಡಿತು. ನಾನು ಅದನ್ನೇ ನೋಡುತ್ತಿದ್ದೆ.

"ನೌಶೀನ್, ನೀವೂ ಯುಕುಲೆಲೆ ನುಡಿಸ್ತೀರಾ?" ಎಂದ.

"ಹೂಂ. ನಾಲ್ಕು ವರ್ಷ ಆಯ್ತು."

ಇಲ್ಲವೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುಗಿಯುವುದು ನನಗೆ ಬೇಕಿರಲಿಲ್ಲ.

ಅವನು ಒಂದು ಕ್ಷಣ ನನ್ನ ಕೈ ನೋಡಿ, ಆಮೇಲೆ ನಕ್ಕ. "ಹಾಗಾದ್ರೆ ಆಚೆ ಭಾನುವಾರ ಬನ್ನಿ. ಅನುಭವ ಇರೋರಿಗೆ ಒಂದು ವರ್ಕ್‌ಶಾಪ್ ಇದೆ."

ಅದೇ ಸಂಜೆ ವಾದ್ಯ ಕೊಂಡೆ. ಯೂಟ್ಯೂಬ್ ನೋಡಿ, ಹಲವು ಸ್ವರ ಒಟ್ಟಿಗೆ ಹೊಮ್ಮಿಸುವ ಎರಡು ಕಾರ್ಡ್ ಕಲಿತೆ. ಅವೂ ನಾನೊಬ್ಬಳೇ ಇದ್ದಾಗ ಮಾತ್ರ ಬರುತ್ತಿದ್ದವು.

ಈಗ ಎಲ್ಲರೂ ಒಟ್ಟಿಗೆ ನುಡಿಸತೊಡಗಿದರು. ನಾನು ಬಲಗೈಯನ್ನು ತಂತಿಗೆ ತಾಗಿಸದೆ ಗಾಳಿಯಲ್ಲೇ ಮೇಲೆ ಕೆಳಗೆ ಆಡಿಸಿದೆ.

ಅಹ್ಸಾನ್ ನನ್ನ ಕಡೆ ವಾಲಿದ. "ನಿಮ್ಮದು ಕೇಳಿಸ್ತಾನೇ ಇಲ್ವಲ್ಲ?"

"ನಂದು ಸಾಫ್ಟ್ ಸ್ಟೈಲ್."

ಅವನು ತುಟಿ ಕಚ್ಚಿಕೊಂಡು ಮುಖ ತಿರುಗಿಸಿದ. ಗೊತ್ತಾಯಿತೇ? ಸುಳ್ಳುಗಾತಿ ಅಂದುಕೊಂಡು ನಾಳೆಯಿಂದ ಬೇರೆ ಟ್ರಾಮ್ ಹತ್ತಿದರೆ? ಕಾಫಿ ಬಿಡುವಿನಲ್ಲಿ ತಲೆಗೊಂದರಂತೆ ಕೊಟ್ಟ ಬಿಸ್ಕತ್ತನ್ನು ತಿನ್ನದೆ ಜೇಬಿಗೆ ಹಾಕಿಕೊಂಡೆ. ಹೊರಗೆ ನನ್ನ ಸೈಕಲ್ ನಿಂತಿತ್ತು, ಓಡಿಹೋಗಬಹುದಿತ್ತು. ಆದರೆ ನಾನು ಮತ್ತೆ ಅವನ ಪಕ್ಕದಲ್ಲೇ ಹೋಗಿ ಕೂತೆ.

ಆಗ ಕಲಿಸುವಾಕೆ ಮರೈಕೆ ಹೇಳಿದಳು: ಈಗ ಒಬ್ಬೊಬ್ಬರಾಗಿ ನುಡಿಸಬೇಕು, ಮಿಕ್ಕವರು ಕೇಳಬೇಕು.

ಯಾ ಅಲ್ಲಾ.

ಸರದಿ ವೃತ್ತದ ಆಚೆ ಬದಿಯಿಂದ ಹೊರಟಿತು. ಬಿಳಿಗಡ್ಡದ ಅಜ್ಜ ಕಣ್ಣು ಮುಚ್ಚಿಕೊಂಡೇ ನುಡಿಸಿದ. ಇನ್ನು ಆರು ಜನ. ಐದು. ಅಹ್ಸಾನ್ ಕೂಡ ನುಡಿಸಿ ಮುಗಿಸಿದ. ಎಲ್ಲರೂ ನನ್ನ ಕಡೆ ನೋಡಿದರು.

ಕಲಿತ ಎರಡು ಕಾರ್ಡೂ ಮರೆತುಹೋಗಿದ್ದವು. ಎಡಗೈಯನ್ನು ತಂತಿಗಳಿಂದ ಪೂರ್ತಿ ತೆಗೆದೆ.

"ಅಹ್ಸಾನ್, ನಾಲ್ಕು ವರ್ಷ ಅಂದಿದ್ದು ಸುಳ್ಳು," ಎಂದೆ. ಉಳಿದವರಿಗೆ ಕನ್ನಡ ತಿಳಿಯದಿದ್ದದ್ದೇ ಪುಣ್ಯ. "ಹದಿಮೂರು ದಿನ ಅಷ್ಟೇ ಆಗಿರೋದು. ನಿಮ್ಮ ಜೊತೆ ಮಾತು ನಿಲ್ಲಬಾರದು ಅಂತ ಹಾಗಂದೆ."

ಹೇಳಿದ್ದಾಯಿತು. ಇನ್ನು ಕಳೆದುಕೊಳ್ಳುವುದೇನಿದೆ ಎಂದು ಖಾಲಿ ತಂತಿಗಳ ಮೇಲೆ ಒಮ್ಮೆ ಬೆರಳೆಳೆದೆ. ಏನನ್ನೂ ಒತ್ತದೆ ಬಂದ ಆ ನಾದ ಹಿತವಾಗಿಯೇ ಇತ್ತು. ಮರೈಕೆ ತಲೆಯಾಡಿಸಿದಳು: ಅದೂ ಒಂದು ಕಾರ್ಡೇ. ಮತ್ತೆ ನುಡಿಸು, ನಾವು ಜೊತೆಗೆ ಸೇರುತ್ತೇವೆ. ನಾನು ನುಡಿಸಿದೆ. ಹದಿಮೂರು ವಾದ್ಯಗಳು ಅದರ ಮೇಲೆ ಹಾಡು ಕಟ್ಟಿದವು. ಆ ಸದ್ದಿನ ನಡುವೆ ಅಹ್ಸಾನ್ ಮೆಲ್ಲಗೆ ಮಾತಾಡಿದ.

"ಹದಿಮೂರು ದಿನ ಅಂತ ಗೊತ್ತು. ಲೆಕ್ಕ ಇಟ್ಟಿದ್ದೀನಿ."

"ಹೇಗೆ?"

"ಆ ಸೋಮವಾರ ನಿಮ್ಮ ಎಡಗೈಯಲ್ಲಿ ಇಷ್ಟುದ್ದ ಉಗುರಿತ್ತು. ಅಂಥ ಉಗುರು ಇಟ್ಕೊಂಡು ಯಾರೂ ತಂತಿ ಒತ್ತಕ್ಕಾಗಲ್ಲ. ಮಂಗಳವಾರ ನೋಡಿದ್ರೆ ಎಡಗೈದು ಮಾತ್ರ ಇಲ್ಲ."

ಅಕ್ಕ ಜಕಿಯಾ ಆಪಾಳ ನಿಕಾಹ್‌ಗೆಂದು ನಾಲ್ಕು ತಿಂಗಳು ಬೆಳೆಸಿದ್ದ ಉಗುರು. ಬಲಗೈಯಲ್ಲಿ ಇನ್ನೂ ಹಾಗೇ ಇತ್ತು.

"ಗೊತ್ತಿದ್ದೂ ಯಾಕೆ ಇಲ್ಲಿಗೆ ಕರೆದ್ರಿ? ನಾನು ಸಾಯೋಷ್ಟು ಹೆದರಿದ್ದೆ."

"ಹೊಸಬರ ಕ್ಲಾಸ್ ಬೇರೆ ಇದೆ. ಅಲ್ಲಿಗೆ ಹೋಗಿ ಅಂದಿದ್ರೆ ನೀವು ಹೋಗ್ಬಿಡ್ತಿದ್ರಿ." ಅವನು ತನ್ನ ತಂತಿಗಳನ್ನೇ ನೋಡುತ್ತಿದ್ದ. "ನೀವು ನನ್ನ ಪಕ್ಕದಲ್ಲೇ ಕೂರಬೇಕಿತ್ತು ನನಗೆ. ಹೇಳೋಕೆ ನನಗೂ ಹೆದರಿಕೆ."

ಇಷ್ಟು ಹೊತ್ತು ಆರಾಮಾಗಿ ನುಡಿಸಿದ್ದವನ ಕೈ ಈಗ ನನ್ನದಕ್ಕಿಂತ ಹೆಚ್ಚು ಬೆವರಿತ್ತು. ಅವನು ನನ್ನ ಎಡಗೈಯ ಉಂಗುರಬೆರಳನ್ನು ಮೆಲ್ಲಗೆ ಹಿಡಿದು ಕೊನೆಯ ತಂತಿಯ ಮೇಲಿಟ್ಟ.

"ಒತ್ತಿ. ಮೊದಮೊದಲು ನೋವಾಗುತ್ತೆ."

ಒತ್ತಿದೆ. ನೋವಾಯಿತು. ಬೆರಳು ತೆಗೆಯಲಿಲ್ಲ.