ಹಲಗೆಯೊಳಗೆ ಮೊಣಕಾಲೂರಿದ ಸಾತವ್ವ

ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ ಮಕ್ಕಳೇ. ನನ್ನ ಮೀಸೆಯಾಣೆ. ಮೀಸೆ ಸಾಲದಿದ್ದರೆ ಬಾಯಲ್ಲಿ ಉಳಿದಿರುವ ಹಲ್ಲುಗಳ ಆಣೆ.

ಬಹಳ ಹಿಂದೆ, ಕಡಲಂಚಿನಲ್ಲಿ ಅಲೆಗೇರಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಪುಷ್ಪಧವಳ. ಅವನ ಆಸ್ಥಾನಕ್ಕೆ ವರ್ಣಕೇತು ಎಂಬ ಮಾಂತ್ರಿಕ ಒಂದು ಹಳೆಯ ಚಿತ್ರವನ್ನು ಮಾರಲು ತಂದ. ಹಿಮ ಬೀಳುವ ಫ್ಲಾಂಡರ್ಸ್ ಸೀಮೆಯಲ್ಲಿ ಓಕ್ ಮರದ ಹಲಗೆಯ ಮೇಲೆ ಬರೆದದ್ದು. ನಡುವೆ ಮಗುವನ್ನೆತ್ತಿಕೊಂಡ ಮೇರಿಮಾತೆ. ಬಾಗಿಲಲ್ಲಿ ಸಿಂಹ, ಕಿಟಕಿಯಲ್ಲಿ ನವಿಲು, ಕಾಲ ಬಳಿ ಬಿಳಿ ನಾಯಿ. ಹಿಂದಿನ ಗೋಡೆಗೆ ಒಂದು ದುಂಡು ಕನ್ನಡಿ.

ಚಿತ್ರ ಬರೆಸಿದವರನ್ನು ಮೂಲೆಯಲ್ಲಿ ಮೊಣಕಾಲೂರಿ ಕೈಮುಗಿದಂತೆ ಬರೆಯುವುದು ಆ ಸೀಮೆಯ ಪದ್ಧತಿ. ಅವರದು ಭಕ್ತಿ. ವರ್ಣಕೇತು ಅದನ್ನೇ ಬಲೆ ಮಾಡಿಕೊಂಡ. ಅವನು ಆ ಮೂಲೆಯಲ್ಲಿ ಯಾರ ಮುಖ ಬರೆಯುತ್ತಿದ್ದನೋ ಅವರು ಮನೆಯಿಂದ ಮಾಯವಾಗಿ ಹಲಗೆ ಸೇರುತ್ತಿದ್ದರು. ಜನ ಹೆಚ್ಚಿದಷ್ಟೂ ಚಿತ್ರಕ್ಕೆ ಜೀವಕಳೆ, ಕಳೆ ಹೆಚ್ಚಿದಷ್ಟೂ ಬೆಲೆ. ಇದೆಲ್ಲ ತನ್ನ ಕೈಚಳಕವೆಂಬ ಜಂಬಕ್ಕೆ ಕನ್ನಡಿಯೊಳಗೆ ಎಳ್ಳಿನಷ್ಟು ತನ್ನ ಮುಖವನ್ನೂ ಬರೆದುಕೊಂಡಿದ್ದ.

ಅವನಿಗೆ ಬಣ್ಣ ಕಲೆಸಲು ಅಗಸೆ ಎಣ್ಣೆ ಕೊಡುತ್ತಿದ್ದವಳು ಗಾಣದ ಸಾತವ್ವ. ಮೂಲೆಯಲ್ಲಿ ಕೂತವರು ಅಳುತ್ತಿದ್ದಾರೆ ಎಂದು ಅವಳು ಊರಿಗೆಲ್ಲ ಹೇಳಿದಳು. ಮರುದಿನ ಅವಳೂ ಆ ಮೂಲೆಯಲ್ಲಿದ್ದಳು.

ಅವಳ ಮಗಳು ದೇಮಿಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂತೀರಿ? ನೆತ್ತಿಯ ಮೇಲೆ ಹಪ್ಪಳ ಸುಡಬಹುದಿತ್ತು. ನಾನೇ ಸುಟ್ಟುಕೊಂಡು ತಿಂದೆ, ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಅದೇ ಸಿಟ್ಟಿನಲ್ಲಿ ಅವಳು ಅರಮನೆಗೆ ನುಗ್ಗಿದಳು. ಅಂದೇ ಮಾರಾಟ. ಮಾರಾಟ ಮುಗಿದೊಡನೆ ಚಿತ್ರಕ್ಕೆ ಮೆರುಗೆಣ್ಣೆ ಬಳಿಯುತ್ತಾರೆ. ಅದು ಒಣಗಿದರೆ ಒಳಗಿದ್ದವರು ಎಂದೆಂದಿಗೂ ಒಳಗೇ.

"ಮಹಾಪ್ರಭು, ಅದು ನಮ್ಮವ್ವ," ಅಂದಳು ದೇಮಿ.

ಅರಸ ಹತ್ತಿರ ಹೋಗಿ ಬಗ್ಗಿ ನೋಡಿದ. "ಹೌದಲ್ಲ, ಕಣ್ಣೀರು ಎಷ್ಟು ಚೆನ್ನಾಗಿ ಬಂದಿದೆ. ಗಾಣದವಳಿಗೆ ಅರಮನೆಯ ಗೋಡೆ ಸಿಗ್ತಿದೆ, ಸಂತೋಷಪಡು."

ದೇಮಿ ನೇರ ಹಲಗೆಯ ಬಳಿಗೆ ನಡೆದಳು. ಅಗಸೆ ಎಣ್ಣೆ ಬೇಗ ಒಣಗುವುದಿಲ್ಲ ಎಂಬುದು ಗಾಣದವರ ಮನೆ ಹುಡುಗಿಗೆ ಗೊತ್ತಿಲ್ಲವೇ? ಅವ್ವನ ಸೆರಗಿನ ಬಣ್ಣ ಇನ್ನೂ ಹಸಿ. ಆ ಸೆರಗಿಗೇ ಕೈಹಾಕಿದಳು. ಮೊಣಕೈ ಹೋಯಿತು, ಹೆಗಲು ಹೋಯಿತು, ಇಡೀ ಹುಡುಗಿ ಹಲಗೆಯೊಳಗೆ ಹೋದಳು.

ಒಳಗೆ ಅವ್ವನ ಮೊಣಕಾಲು ನೆಲಕ್ಕೆ ಅಂಟಿತ್ತು. ಎಷ್ಟೆಳೆದರೂ ಏಳಲಿಲ್ಲ. ಮೇರಿಮಾತೆಯನ್ನೇ ಕೇಳುತ್ತೇನೆಂದು ದೇಮಿ ಹೊರಟಳು. ಸಿಂಹ ಅಡ್ಡ ಬಂತು.

"ನಿನ್ನ ಬೆಲೆ ಹೇಳು, ದಾರಿ ಬಿಡ್ತೀನಿ."

"ನಂಗೆ ಬೆಲೆ ಇಲ್ಲ. ನಿನ್ನ ಬೆಲೆ ಹೊರಗೆ ಕೂಗ್ತಿದ್ದಾರೆ, ಕೇಳಿಸ್ಕೋ."

ಚಿತ್ರಕ್ಕೆ ಇನ್ನೊಂದು ಜೀವ ಸೇರಿತೆಂಬ ಖುಷಿಯಲ್ಲಿ ಹೊರಗೆ ವರ್ಣಕೇತು ಸಿಂಹದ ಕೂದಲು ಕೂದಲಿಗೂ ಬೆಲೆ ಕಟ್ಟುತ್ತಿದ್ದ. ಸಿಂಹಕ್ಕೆ ಸಿಟ್ಟು ಬಂತು. ದಾರಿ ಬಿಟ್ಟಿತು.

ನವಿಲು ಅಡ್ಡ ಬಂತು. ಅದೂ ಬೆಲೆ ಕೇಳಿತು, ದೇಮಿ ಅದೇ ಉತ್ತರ ಕೊಟ್ಟಳು. ನವಿಲು ಬೇಡವಾದರೆ ಹೆರೆದು ತೆಗೆದುಕೊಡುತ್ತೇನೆ ಎಂದು ವರ್ಣಕೇತು ಅರಸನಿಗೆ ಹೇಳುತ್ತಿದ್ದ. ನವಿಲಿಗೆ ಸಿಟ್ಟು ಬಂತು. ದಾರಿ ಬಿಟ್ಟಿತು.

ಕೊನೆಗೆ ನಾಯಿ ಅಡ್ಡ ಬಂತು. ಅದೂ ಬೆಲೆ ಕೇಳಿತು, ದೇಮಿ ಅದೇ ಉತ್ತರ ಕೊಟ್ಟಳು. ನಾಯಿ ಕಿವಿ ನಿಮಿರಿಸಿತು. "ನಾಯಿಯನ್ನು ಬೆಲೆಗೆ ಸೇರಿಸಿಲ್ಲ ಪ್ರಭು," ಅನ್ನುತ್ತಿದ್ದ ವರ್ಣಕೇತು, "ಅದು ಬಿಟ್ಟಿ." ಆ ದಿನ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನಾಯಿಗೆ. ದೇಮಿಗಿಂತ ಮುಂದೆ ಅದೇ ಓಡಿತು.

ಮೇರಿಮಾತೆಯ ಎದುರು ನಿಂತಾಗಲೂ ದೇಮಿಯ ಸಿಟ್ಟು ಇಳಿದಿರಲಿಲ್ಲ. "ನೀನೂ ತಾಯಿಯೇ. ನಮ್ಮವ್ವ ಅಳ್ತಾ ಕೂತಿದ್ದರೆ ನೋಡ್ತಾ ಇದ್ದೀಯಲ್ಲ?"

ಮಾತೆ ಅವಳನ್ನು ದಿಟ್ಟಿಸಿದಳು. ಆ ಕಣ್ಣಲ್ಲಿ ದೇಮಿಯದಕ್ಕಿಂತ ಹಳೆಯ ಸಿಟ್ಟಿತ್ತು.

"ಈ ಹಲಗೆ ಬರೆದಂದಿನಿಂದ ನನ್ನೆರಡು ಕೈಯಲ್ಲೂ ಮಗು ಇದೆ. ಎಲ್ಲರೂ ಕೈಮುಗಿದರು. ಸ್ವಲ್ಪ ಹೊತ್ತು ಎತ್ಕೋತೀನಿ ಅಂತ ಒಬ್ಬರೂ ಅನ್ನಲಿಲ್ಲ. ಹಿಡ್ಕೋ ಮಗಳೇ."

ದೇಮಿ ಮಗುವನ್ನೆತ್ತಿಕೊಂಡಳು. ಮಾತೆ ಎದ್ದಳು. ನೇರ ಗೋಡೆಗೆ ಹೋಗಿ ಕನ್ನಡಿ ಕಿತ್ತು, ಅಕ್ಕಿ ಕೇರುವ ಮೊರದ ಹಾಗೆ ಒಮ್ಮೆ ಕೊಡವಿದಳು. ಅದರಲ್ಲಿದ್ದ ಎಳ್ಳಿನಷ್ಟು ಮುಖ ಆ ಮೂಲೆಗೇ ಉದುರಿತು. ಹೊರಗೆ ಬೆಲೆ ಹೇಳುತ್ತಿದ್ದ ವರ್ಣಕೇತು ಮಾತಿನ ನಡುವೆಯೇ ಮಾಯವಾಗಿ, ಒಳಗೆ ನೆಲಕ್ಕೆ ಬಿದ್ದ, ಮೊಣಕಾಲ ಮೇಲೆ, ಕೈಮುಗಿದುಕೊಂಡು. ಹಾಗೆಯೇ ಅಂಟಿದ. ಉಳಿದವರ ಮೊಣಕಾಲುಗಳು ಬಿಟ್ಟವು. ಸಾತವ್ವ ಎದ್ದಳು, ಹಸಿ ಬಣ್ಣದ ದಾರಿಯಲ್ಲೇ ಎಲ್ಲರೂ ಹೊರಬಂದರು. ದೇಮಿಯೇ ಕೊನೆ, ಯಾಕೆಂದರೆ ಮಗು ಅವಳ ಜಡೆ ಬಿಡಲಿಲ್ಲ.

ಹಲಗೆ ಮಾರಾಟವಾಗಲಿಲ್ಲ. ಜನ ಅದನ್ನು ಹೊತ್ತು ಗಾಣದ ಮನೆಯಲ್ಲಿಟ್ಟರು. ಹಬ್ಬ ಬಂದಾಗಲೆಲ್ಲ ದೇಮಿ ಮೂಲೆಗೆ ಅಗಸೆ ಎಣ್ಣೆ ಸವರಿ ಒಳಗೆ ಹೋಗಿ ಮಗುವನ್ನೆತ್ತಿಕೊಳ್ಳುತ್ತಿದ್ದಳು, ಮಾತೆ ಕೈ ಚಾಚಿ ಮೈಮುರಿದು ಸುಧಾರಿಸಿಕೊಳ್ಳುತ್ತಿದ್ದಳು. ಅರಸ ಪುಷ್ಪಧವಳ ಸಿಂಹಾಸನದಿಂದಿಳಿದು ಬಂದು ಸಾತವ್ವನ ಕ್ಷಮೆ ಕೇಳಿದ. ಅಲೆಗೇರಿಯಲ್ಲಿ ಎಲ್ಲರೂ ಸುಖವಾಗಿದ್ದರು.

ಆಣೆ ಹಾಕಿದ್ದೇನಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಇದರಲ್ಲಿ ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು. ಸಿಂಹ ಮಾತಾಡಿದ್ದು ನಿಜ, ಹುಡುಗಿ ಹಲಗೆ ಹೊಕ್ಕಿದ್ದು ನಿಜ, ಹಪ್ಪಳವೂ ನಿಜ. ಅರಸ ಮಾತ್ರ ಕ್ಷಮೆ ಕೇಳಲಿಲ್ಲ.