ಗುಲಾಬಿಗೆ ತಿರುಗಿದ ನೀರು

ಊರಿಗೆಲ್ಲ ಕುಡಿಯುವ ನೀರು ಕೊಡುವ ಕೆರೆಯಲ್ಲಿ ಬೆಳ್ಳಂಬೆಳಗ್ಗೆ ಸತ್ತ ಮೀನುಗಳು ತೇಲುತ್ತಿದ್ದವು. ಮೊದಲು ಕಂಡವನು ಪಂಪು ನಡೆಸುವ ಪಂಪಿನಣ್ಣ. ಕಂಡವನೇ ಪಂಪು ನಿಲ್ಲಿಸಿ ಮೇಲಿನವರಿಗೆ ಫೋನು ಮಾಡಿದ. ಅದಕ್ಕೆ ಸಿಕ್ಕ ಮರ್ಯಾದೆ ಏನು ಗೊತ್ತೆ? ನೀರು ಸರಬರಾಜಿನ ಸಾಹೇಬರು ಬಂದವರೇ ಪಂಪುಮನೆಯಲ್ಲಿ ನಲ್ಲಿ ನೀರಿಗೆ ಬೆರೆಸುವ ಬ್ಲೀಚಿಂಗ್ ಪೌಡರಿನ ಡ್ರಮ್ಮು ಅರ್ಧ ಖಾಲಿಯಾಗಿದ್ದು ನೋಡಿ ಅವನ ಮೇಲೇ ಹಾರಾಡಿದರು.

“ಕೆರೆಗೇ ಸುರಿದುಬಿಟ್ಟಿದ್ದೀಯ. ಸಂಜೆಯೊಳಗೆ ಸಸ್ಪೆಂಡು.”

“ಮೂವತ್ತು ವರ್ಷದಲ್ಲಿ ಒಂದು ಚಮಚ ಹೆಚ್ಚುಕಮ್ಮಿ ಮಾಡಿಲ್ಲ ಸಾರ್.” ಪಂಪಿನಣ್ಣ ಕೈ ಮುಗಿದ.

ಪಕ್ಕದಲ್ಲಿದ್ದ ಸೀಸೆಯಕ್ಕನಿಗೆ ಮೈಯೆಲ್ಲ ಉರಿಯಿತು. ನೀರು ಪರೀಕ್ಷಿಸುವ ಲ್ಯಾಬಿನವಳು. ಚೀಲದಲ್ಲಿ ಸದಾ ಬಾಟಲಿ, ಅದಕ್ಕೇ ಆ ಹೆಸರು. ಅವಳು ಕೆರೆಯ ನೀರು ಮೊಗೆದು ಒಂದು ಮಾತ್ರೆ ಹಾಕಿ ಅಲ್ಲಾಡಿಸಿದಳು.

“ಕ್ಲೋರಿನ್ ಇದ್ರೆ ಗುಲಾಬಿ ಆಗ್ಬೇಕು ಸಾರ್. ಬ್ಲೀಚಿಂಗ್ ಪೌಡರಲ್ಲಿ ಇರೋದೇ ಅದು. ನೋಡಿ, ಒಂಚೂರೂ ಬಣ್ಣ ಬಂದಿಲ್ಲ.”

“ಹಾಗಾದ್ರೆ ಯಾರು ಮಾಡಿದ್ದು? ಸಂಜೆವರೆಗೆ ಟೈಮಿದೆ, ತೋರಿಸು.”

*

ಕೆರೆಗೆ ಬರುವ ಹಳ್ಳದ ಮೇಲ್ಗಡೆ ಇದ್ದದ್ದು ಒಂದೇ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿಗೆ ಹೋದ ಸೀಸೆಯಕ್ಕನಿಗೆ ಮ್ಯಾನೇಜರು ನಗುನಗುತ್ತಲೇ ಕುರ್ಚಿ ಹಾಕಿಸಿದ.

“ನಾವು ಹೊರಗೆ ಬಿಡೋ ನೀರಿನ ಎರಡು ವರ್ಷದ ರಿಪೋರ್ಟು ನೋಡಿ ಮೇಡಂ, ಎಲ್ಲ ಸರಿಯಾಗಿದೆ. ಈ ತಿಂಗಳ ಸ್ಯಾಂಪಲ್ಲೂ ನಿನ್ನೆ ಸಂಜೆ ತಾನೇ ನಿಮ್ಮ ಲ್ಯಾಬಿಗೆ ಕಳಿಸಿದ್ದೀವಿ.”

“ಕೆಲಸಕ್ಕೆ ನಲ್ಲಿ ನೀರು ಬಳಸ್ತೀರಾ?”

“ಛೆ, ನಮ್ಮದೇ ಬೋರ್‌ವೆಲ್ ಇದೆ. ಊರಿನ ನೀರು ಕ್ಯಾಂಟೀನಿಗೆ ಮಾತ್ರ.”

“ಬ್ಲೀಚಿಂಗ್, ಕ್ಲೋರಿನ್ ಏನಾದ್ರೂ?”

“ಅದರ ವಾಸನೆನೂ ಇಲ್ಲಿಲ್ಲ.”

ಹೊರಗೆ ಕೊಳಕು ನೀರು ಬಿಡುವ ಕೊಳವೆಯ ಬಾಯಿ ತೊಳೆದಿಟ್ಟಂತಿತ್ತು. ಎಷ್ಟು ಸುತ್ತಿದರೂ ಏನೂ ಸಿಗಲಿಲ್ಲ. ಸೀಸೆಯಕ್ಕ ಜೋಲು ಮುಖ ಹಾಕಿಕೊಂಡು ಲ್ಯಾಬಿಗೆ ಬಂದಳು. ಕಪಾಟಿನಲ್ಲಿ ಕಾರ್ಖಾನೆಯ ಬಾಟಲಿ ಸೀಲಾಗಿ ಕೂತಿತ್ತು. ಅದನ್ನು ಕಾರ್ಖಾನೆಯವರೇ ತುಂಬಿ ಕಳಿಸಬೇಕೆಂಬುದು ನಿಯಮ. ಅಂಥ ನಿಯಮ ಮಾಡಿದವರ ಬುದ್ಧಿಗೆ ಏನೆನ್ನೋಣ! ಅವಳು ಬಾಟಲಿಯನ್ನೇ ದಿಟ್ಟಿಸಿದಳು. ಆಮೇಲೆ ಸೀಲು ಮುಟ್ಟದೆ ಚೀಲಕ್ಕೆ ಹಾಕಿಕೊಂಡಳು.

*

ಸಂಜೆ ಸಾಹೇಬರ ಕೋಣೆ. ಮೇಜಿನ ಮೇಲೆ ಸಸ್ಪೆಂಡ್ ಆದೇಶ, ಎದುರಿಗೆ ನಿಂತ ಪಂಪಿನಣ್ಣ. ಅವಳು ಹೇಳಿ ಕರೆಸಿದ್ದ ಮ್ಯಾನೇಜರು, ಪೊಲೀಸ್ ಇನ್‌ಸ್ಪೆಕ್ಟರು ಇಬ್ಬರೂ ಕೂತಿದ್ದರು. ಸೀಸೆಯಕ್ಕ ಎಲ್ಲರ ಮುಂದೆ ಸೀಲು ಒಡೆದು ಮಾತ್ರೆ ಹಾಕಿದಳು.

ನೀರು ಗುಲಾಬಿಗೆ ತಿರುಗಿತು.

“ಇದು ಕಾರ್ಖಾನೆಯ ಕೊಳಕು ನೀರಂತೆ ಸಾರ್. ಅವರದ್ದು ಬೋರ್‌ವೆಲ್, ಕ್ಲೋರಿನ್ ಮುಟ್ಟೋದೇ ಇಲ್ವಂತೆ. ಮತ್ತೆ ಇದರೊಳಗೆ ಹೇಗೆ ಬಂತು? ಕ್ಯಾಂಟೀನಿನ ನಲ್ಲಿ ನೀರು ತುಂಬಿ ಕಳಿಸಿದ್ದಾರೆ. ನಮ್ಮ ಫಾರಮ್ಮಿನಲ್ಲಿ ಕ್ಲೋರಿನ್ ಕಾಲಮ್ಮೇ ಇಲ್ಲ, ಯಾರೂ ನೋಡಲ್ಲ ಅನ್ನೋ ಧೈರ್ಯ. ಆ ಕ್ಲೋರಿನ್ ಹಾಕಿದ್ದು ನಮ್ಮ ಪಂಪಿನಣ್ಣನೇ.”

ಮ್ಯಾನೇಜರ ಮುಖದಲ್ಲಿ ರಕ್ತವೇ ಇರಲಿಲ್ಲ. “ಅಸಲಿ ಕೊಳಕು ನೀರು ಎಲ್ಲಿ ಬಿಡ್ತೀಯ?” ಇನ್‌ಸ್ಪೆಕ್ಟರು ಕೇಳಿದರು. ಎರಡನೇ ಸಲ ಕೇಳಬೇಕಾಗಲಿಲ್ಲ. ಕಾಂಪೌಂಡಿನ ಹಿಂದೆ, ಚಪ್ಪಡಿ ಕಲ್ಲಿನ ಕೆಳಗೆ ಹಳ್ಳಕ್ಕೆ ಹೋಗುವ ಇನ್ನೊಂದು ಕೊಳವೆ. ಅರ್ಧ ಗಂಟೆಯಲ್ಲಿ ಪೊಲೀಸರು ಅದನ್ನು ಕಂಡರು, ಕಾರ್ಖಾನೆಗೆ ಬೀಗ ಬಿತ್ತು.

ಸಾಹೇಬರು ಆದೇಶ ಹರಿದು ಹಾಕಿದರು. “ತಪ್ಪಾಯ್ತು ಕಣಯ್ಯ.”

“ಅದಿರಲಿ ಸಾರ್,” ಎಂದ ಪಂಪಿನಣ್ಣ, “ಮೊದಲು ಆ ನಿಯಮ ತಿದ್ದಿ.”

ಅಲ್ಲೇ ತಿದ್ದಿದರು. ಇನ್ನು ಬಾಟಲಿ ತುಂಬುವುದು ಲ್ಯಾಬಿನವರೇ, ಯಾವ ದಿನವಾದರೂ ಸರಿ, ಮುಂಚೆ ಹೇಳದೆ. ಜೊತೆಗೆ ಊರಿನವರೊಬ್ಬರು ಸಾಕ್ಷಿ. ಮಾರನೆಯ ಬೆಳಗ್ಗೆ ಸೀಸೆಯಕ್ಕ ಹಳ್ಳದಲ್ಲಿ ತುಂಬಿದ ಮೊದಲ ಬಾಟಲಿಯ ಚೀಟಿಗೆ ಸಾಕ್ಷಿ ಹಾಕಿದವನು ಪಂಪಿನಣ್ಣ. ರುಜು ಎಷ್ಟು ದೊಡ್ಡದಾಗಿತ್ತೆಂದರೆ, ತಾರೀಕು ಬರೆಯಲು ಸೀಸೆಯಕ್ಕನಿಗೆ ಜಾಗವೇ ಉಳಿಯಲಿಲ್ಲ.